ಮುದ್ದೆ ನುಂಗುತ್ತಾನೆ ಅಂದಮಾತ್ರಕ್ಕೆ ಹಲ್ಲು ಸರಿ ಇದೆ ಅಂತಲ್ಲ

“ಅಮಾಸೆ ಹತ್ರ ಬಂತಲ್ಲ ಮೇಡಂ, ಅದಕ್ಕೇ ಹಿಂಗಾಡ್ತಾನೆ.”

ತುಮಕೂರಿನ ಒಂದು ಹಗಲು ಕೇಂದ್ರದಲ್ಲಿ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ದೊಡ್ಡವರನ್ನು ನೋಡಿಕೊಳ್ಳುವುದು ನನ್ನ ಕೆಲಸ. 16 ವರ್ಷದಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಅಮಾವಾಸ್ಯೆ ಇಲ್ಲದಿದ್ದರೆ ಹುಣ್ಣಿಮೆ. ಎರಡೂ ದೂರ ಇದ್ದರೆ ಹಠ. ಹಠವೂ ಅಲ್ಲದಿದ್ದರೆ “ಅವನ ಕಾಯಿಲೇನೇ ಅಂಥದ್ದು ಬಿಡಿ”. ಎಲ್ಲಾದರೂ ನೋಯುತ್ತಿರಬಹುದು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಗುಬ್ಬಿ ಕಡೆಯ ಒಬ್ಬ ಹುಡುಗ. ಹುಡುಗ ಅಂದೆ ನೋಡಿ, ನನಗೂ ಅದೇ ಚಾಳಿ. ಅವನು 34 ವರ್ಷದ ಗಂಡಸು. ಅವನಿಗೆ ಬರುವುದು ಮೂರೇ ಮಾತು: ಅಮ್ಮ, ಬಸ್ಸು, ಬ್ಯಾಡ. ಸಂಜೆ ವ್ಯಾನಿನ ಹಾರ್ನ್ ಕೇಳಿದರೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುವವನು. ಅಂಥವನು ಒಂದು ದಿನ ತನ್ನ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದ. ಮುಖ ತೊಳೆಯಲು ಬಂದ ಅಮ್ಮನಿಗೂ ಹೊಡೆದ. ಮನೆಯವರು ದೃಷ್ಟಿ ತೆಗೆದರು, ದಾರ ಕಟ್ಟಿಸಿದರು, ತಡೆ ಒಡೆಸಿದರು. ಕೊನೆಗೆ ಮಾತ್ರೆಯ ಡೋಸ್ ಜಾಸ್ತಿ ಮಾಡಿಸಿಕೊಂಡು ಬಂದರು. ಅವನು ದಿನವಿಡೀ ಮಲಗಿದ. ಎದ್ದ ಮೇಲೆ ಮತ್ತೆ ಹೊಡೆದುಕೊಂಡ.

“ಊಟ ಹೇಗಿದೆ ಅಮ್ಮ?” ಅಂತ ಕೇಳಿದೆ.

“ಊಟಕ್ಕೇನೂ ತೊಂದ್ರೆ ಇಲ್ಲ ಮೇಡಂ. ಎರಡು ಮುದ್ದೆ ನುಂಗ್ತಾನೆ.”

ನುಂಗುತ್ತಾನೆ! ಅಲ್ಲೇ ಇರುವುದು ವಿಷಯ. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಬಸ್ಸಾರಲ್ಲಿ ಅದ್ದಿ ಗಂಟಲಿಗೆ ಇಳಿಸಿದರೆ ಹಲ್ಲಿಗೆ ಕೆಲಸವೇ ಇಲ್ಲ. ಹಾಗಾಗಿ ನಮ್ಮ ಕಡೆ ಹಲ್ಲುನೋವು ಊಟದ ತಟ್ಟೆಯಲ್ಲಿ ಬೇಗ ಕಾಣುವುದಿಲ್ಲ. ಅವನಿಗೆ ಇಷ್ಟ ಅಂತ ಒಂದು ಚೂರು ಕೊಬ್ಬರಿ ಕೊಟ್ಟೆ. ಎಡಗಡೆ ಹಾಕಿಕೊಂಡು ಎರಡು ಸಲ ಅಗಿದು ಉಗಿದುಬಿಟ್ಟ. (ಊಟ ಮಾಡುವಾಗ ಕೆಮ್ಮುವವರಿಗೆ, ನೆತ್ತಿಗೆ ಹತ್ತುವವರಿಗೆ ಈ ಪರೀಕ್ಷೆ ಮಾಡಲೇಬೇಡಿ.) ಟಾರ್ಚ್ ಬಿಟ್ಟು ನೋಡಿದರೆ ಬಲಗಡೆ ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕು, ಸುತ್ತಲ ಒಸಡು ಊದಿತ್ತು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ “ಇಂಥವರಿಗೆ ನಮ್ಮಲ್ಲಿ ಆಗಲ್ಲ” ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥವರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಅಂತ ಇದೆ. ಬಾಗಿಲಲ್ಲಿ ನಿಂತು ಅದನ್ನೆಲ್ಲ ಯಾರಿಗೆ ಓದಿ ಹೇಳುವುದು? ಇನ್ನೊಬ್ಬ ಡಾಕ್ಟರ್ ತಾಳ್ಮೆಯವರು. ಮೊದಲ ದಿನ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಅವರ ಬಾಯಿ ತೆರೆಸಿ ಅವನಿಗೆ ತೋರಿಸಿದರು. ಎರಡನೇ ದಿನ ಅವನನ್ನು ಕೂರಿಸಿದರು. ಮೂರನೇ ಸಲ ಹಲ್ಲು ಕಿತ್ತರು. ಹೊಡೆದುಕೊಳ್ಳುವುದು ಪೂರ್ತಿ ನಿಂತೇಹೋಯಿತು ಅನ್ನಲಾರೆ. ಆದರೆ ಅಮ್ಮ ಈಗ ಮುಖ ತೊಳೆಸುತ್ತಾರೆ. ದಾರ ಕೈಯಲ್ಲೇ ಇದೆ, ಇರಲಿ. ನನಗೇನೂ ತಕರಾರಿಲ್ಲ.

ನಾನು ಡಾಕ್ಟರಲ್ಲ. ಪ್ರತಿ ಕೋಪದ ಹಿಂದೆಯೂ ಹುಳುಕು ಹಲ್ಲು ಇರುತ್ತದೆ ಅಂತಲೂ ಹೇಳುತ್ತಿಲ್ಲ. ‘ಹೊಸದಾಗಿ’ ಅನ್ನುವ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ, ಅಷ್ಟೇ. 20 ವರ್ಷದಿಂದ ತೂಗಾಡುವವನು ತೂಗಾಡಿದರೆ ಅದು ಅವನ ಅಭ್ಯಾಸ. ಈ ತಿಂಗಳು ಹೊಸದಾಗಿ ಕಿರುಚುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಕೈ ಎತ್ತುತ್ತಿದ್ದರೆ, ಈ ತಿಂಗಳು ಏನಾಯಿತು ಅಂತ ಹುಡುಕಬೇಕು. ಮಾತು ಬರುವವರು ನೋವು ಅನ್ನುತ್ತಾರೆ. ಮಾತು ಬಾರದವರು ಕೈಯಲ್ಲಿ ಹೇಳುತ್ತಾರೆ. ಹಲ್ಲು, ಕಿವಿಯ ಗುಗ್ಗೆ, ಉರಿಮೂತ್ರ, ಎದೆಯುರಿ, ಹೆಣ್ಣುಮಕ್ಕಳಾದರೆ ಮುಟ್ಟಿನ ಹೊಟ್ಟೆನೋವು.

ಎಲ್ಲಕ್ಕಿಂತ ಜಾಸ್ತಿ ನನಗೆ ಕಾಣುವುದು ಮಲಬದ್ಧತೆ. ತಮಾಷೆ ನೋಡಿ, ಸಿಟ್ಟಿಗೆ ಕೊಡುವ ಕೆಲವು ಮಾತ್ರೆಗಳೇ ಮಲ ಕಟ್ಟಿಸುತ್ತವೆ. ಹೊಟ್ಟೆ ನೋಯುತ್ತದೆ, ಹೊಡೆಯುತ್ತಾನೆ. ಡೋಸ್ ಏರುತ್ತದೆ, ಮಲ ಇನ್ನೂ ಕಟ್ಟುತ್ತದೆ. ಹಾಗಂತ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಅದರಲ್ಲೂ ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬರಬಹುದು. ಡಾಕ್ಟರಿಗೆ “ನಾಲ್ಕು ದಿನದಿಂದ ಕಡೆಗೆ ಹೋಗಿಲ್ಲ” ಅಂತ ಬಾಯಿಬಿಟ್ಟು ಹೇಳಿ. ನಾಚಿಕೆ ಯಾಕೆ?

ಡೌನ್ ಸಿಂಡ್ರೋಮ್ ಇರುವವರ ಮನೆಯವರು ಇನ್ನೂ ಸ್ವಲ್ಪ ಹುಷಾರಾಗಿರಬೇಕು. ಅವರಲ್ಲಿ ಥೈರಾಯ್ಡ್ ತೊಂದರೆ, ಕಣ್ಣಿನ ಪೊರೆ ಜಾಸ್ತಿ. ಹುಟ್ಟಿನಿಂದಲೇ ಅವರಿಗೆ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವುದರಿಂದ 40 ದಾಟಿದ ಮೇಲೆ ಮರೆವಿನ ಕಾಯಿಲೆಯೂ ಬೇಗ ಬರಬಹುದು. ಕ್ಯಾತ್ಸಂದ್ರದ ಒಬ್ಬಾಕೆಯನ್ನು ಮನೆಯಲ್ಲಿ ಒಂದು ವರ್ಷ ಸೋಮಾರಿ ಅಂತ ಬೈದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಅಂತ ಬಂತು.

ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೊರಡುವವರನ್ನು ತಡೆಯುವುದಿಲ್ಲ. ಅಲ್ಲಿಗೇ ಹೋಗಬೇಕಾದವರೂ ಇದ್ದಾರೆ. ಆದರೆ 70 ಕಿಲೋಮೀಟರ್ ಹೋಗುವ ಮೊದಲು ಇಲ್ಲೇ ಯಾರಾದರೂ ಬಾಯಿ, ಕಿವಿ, ಹೊಟ್ಟೆ ನೋಡಲಿ. ಹೋಗುವಾಗ ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ಮಲ, ಹೊಡೆದ ಹೊತ್ತು ಬರೆದುಕೊಳ್ಳಿ. ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಇರಲಿ. ಯಾಕೆಂದರೆ ಡಾಕ್ಟರ ಎದುರು ಅವನು ಗೌಡರ ಹಾಗೆ ಸುಮ್ಮನೆ ಕೂತುಬಿಡುತ್ತಾನೆ. ಆ ವಿಡಿಯೋನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಹಾಕಿದವರಿದ್ದಾರೆ, ಅದಕ್ಕೇ ಹೇಳಿದೆ.