ಓದುಗರ ಪ್ರಶ್ನೆ: ತಾಮ್ರದ ಗುಂಡನ್ನು ಸಣ್ಣ ಮಾಡಿದ ಮೇಲೆ ಕಾಯಿಸಿ ನೀರಿಗೆ ಅದ್ದಬೇಕಾ?

ಪ್ರಶ್ನೆ: ಮಾಷ್ಟ್ರೇ, ಉಡುಪಿ ಹತ್ತಿರ ನನ್ನದೊಂದು ಸಣ್ಣ ಲೇತ್ ಶಾಪ್ ಉಂಟು. ಅಮೆರಿಕದಲ್ಲಿರುವ ಅಕ್ಕನ ಮಗ ರೈಫಲ್ ತೋಟೆಗಳನ್ನು ಮನೆಯಲ್ಲೇ ತುಂಬಿಸಿಕೊಳ್ಳುತ್ತಾನೆ. ಅವನಿಗೆ ಯಾರೋ ಕೊಟ್ಟ ಗಟ್ಟಿ ತಾಮ್ರದ ಗುಂಡುಗಳು ಅವನ ರೈಫಲ್‌ಗೆ ಮೂರು ಥೌ (ಇಂಚಿನ ಸಾವಿರದಲ್ಲಿ ಮೂರು ಪಾಲು) ಜಾಸ್ತಿ ದಪ್ಪ. ಡೈ, ಅಂದರೆ ಅಳತೆಯ ತೂತಿರುವ ಗಟ್ಟಿ ಅಚ್ಚಿನ ಒಳಗೆ ನೂಕಿ ಸಣ್ಣ ಮಾಡಬಹುದಾ? ಹಾಗೆ ಮಾಡಿದರೆ ತಾಮ್ರ ಮೆತ್ತಗಾಗುತ್ತದಂತೆ, ಆಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡಬೇಕಂತೆ. ಹೌದಾ? ಡೈ ನಾನೇ ಇಲ್ಲಿ ಮಾಡಿ ಕಳಿಸಿದರೆ ಆಗುತ್ತದಾ?

ಉತ್ತರ: ಈ ಪ್ರಶ್ನೆ ನನ್ನ ಹತ್ತಿರ ಒಂದೊಂದು ಸಲ ಒಂದೊಂದು ವೇಷ ಹಾಕಿಕೊಂಡು ಬರುತ್ತದೆ. ಒಮ್ಮೆ ಬಚ್ಚಲ ಹಂಡೆ, ಒಮ್ಮೆ ಎಸಿ ಪೈಪು, ಒಮ್ಮೆ ಬೋಟಿನ ಇಂಜಿನ್ನಿನ ವಾಷರ್. ಈ ಸಲ ಬಂದೂಕಿನ ಗುಂಡು. ಬಣ್ಣ ತೊಳೆದು ನೋಡಿದರೆ ಒಳಗೆ ಇರುವುದು ಅದೇ ಮುಖ: "ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಗಟ್ಟಿಯಾಗುತ್ತದೆ." ಆಗುವುದಿಲ್ಲ ಮಾರಾಯ್ರೇ. ಐಟಿಐಯಲ್ಲಿ ಇಪ್ಪತ್ತಾರು ವರ್ಷ ಇದನ್ನೇ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ.

ಅದಕ್ಕೆ ಮೊದಲು ಡೈ ವಿಷಯ. ಮಾಡಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ತುಂಬಿದ ತೋಟೆ ಮಾತ್ರ ಅಲ್ಲ. ಅದರ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ ಸಾಮಗ್ರಿ ಎಲ್ಲವೂ ಆ ಮಾತಿನೊಳಗೆ ಬರುತ್ತವೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೆ 7 ವರ್ಷ, ಜಾಸ್ತಿ ಅಂದರೆ ಜೀವಾವಧಿ. "ನನಗೆ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಉಂಟಲ್ಲ" ಅನ್ನಬೇಡಿ. ಅದು ಕೋವಿ ಇಟ್ಟುಕೊಳ್ಳಲಿಕ್ಕೆ, ಕಾರ್ಖಾನೆ ನಡೆಸಲಿಕ್ಕೆ ಅಲ್ಲ. ಪ್ರತಿ ಚುನಾವಣೆಗೂ ಕೋವಿ ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಡಿಪಾಸಿಟ್ ಇಟ್ಟು ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಕ್ಕೂ ನಮ್ಮ ಕಡೆಯ ಹೆಚ್ಚಿನ ತೋಟೆ ಕೋವಿಗಳ ನಳಿಗೆ ಒಳಗೆ ನುಣುಪು. ಚರೆ ಹಾಕುವ ಕೋವಿಗೆ ಈ ಮೂರು ಥೌ ತಲೆಬಿಸಿಯೇ ಇಲ್ಲ.

ಅಳಿಯನ ರೈಫಲ್ ಬೇರೆ. ಅದರ ನಳಿಗೆಯೊಳಗೆ ಸುರುಳಿ ಗೀರು ಇರುತ್ತದೆ. ಗುಂಡು ಆ ಗೀರಿಗೆ ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತ ಹೊರಗೆ ಹೋಗಬೇಕು. ಹಾಗಾಗಿ ಅಳತೆ ಬಿಗಿ. ಮೂರು ಥೌ ಅಂದ ಕೂಡಲೇ ನನಗೆ ಅಂದಾಜಾಯಿತು. ಥ್ರೀ ನಾಟ್ ಥ್ರೀ ಬಂದೂಕಿನ ಗುಂಡು ತಂದು .308 ರೈಫಲ್‌ಗೆ ಹಾಕುವ ಯೋಚನೆ ಇರಬೇಕು. ಥ್ರೀ ನಾಟ್ ಥ್ರೀಯ ಗುಂಡು ನಿಜವಾಗಿ .303 ಇಂಚು ಅಲ್ಲ, .311ರ ಆಸುಪಾಸು. ಹೆಸರಿನಲ್ಲಿರುವುದು ಗೀರುಗಳ ನಡುವಿನ ಉಬ್ಬಿನಿಂದ ಉಬ್ಬಿಗೆ ಹಿಡಿದ ಅಳತೆ, ಗುಂಡು ತುಂಬಬೇಕಾದದ್ದು ಗೀರಿನ ತಳದವರೆಗೆ. .308ರ ಹೆಸರಿನಲ್ಲಿ ಮಾತ್ರ ಗುಂಡಿನ ಅಳತೆಯೇ ಉಂಟು. ಮೂರು ಥೌ ಅಂದರೆ ನಮ್ಮ ತಲೆಗೂದಲಿನ ದಪ್ಪ. ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಆ ರೈಫಲ್ ಹಾರಿಸಿದಾಗ ಒಳಗಿನ ಒತ್ತಡ 60,000 ಪಿಎಸ್‌ಐ ಹತ್ತಿರ ಹೋಗುತ್ತದೆ. ನಿಮ್ಮ ಕಾರಿನ ಟಯರಿಗೆ ಹಾಕುವುದು 32. ಕೂದಲಿನಷ್ಟು ದಪ್ಪ ಜಾಸ್ತಿಯಾದರೆ ಆ ಒತ್ತಡ ಇನ್ನೂ ಏರುತ್ತದೆ, ಮುಖದಿಂದ ಒಂದು ಗೇಣು ದೂರದಲ್ಲಿ.

ಡೈ ಒಳಗೆ ನೂಕಿದರೆ ಏನಾಗುತ್ತದೆ? ಸೀಸದ ಗುಂಡಾದರೆ ಹೇಳಿದ ಮಾತು ಕೇಳುತ್ತದೆ. ಲೋಹದ ಗಟ್ಟಿತನ ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ ಶುದ್ಧ ಸೀಸ 5ರ ಆಸುಪಾಸು. ತಾಮ್ರ ಎಷ್ಟೇ ಮೆದು ಇದ್ದರೂ 40, ಬಡಿದು ಎಳೆದದ್ದಾದರೆ 100ರ ಹತ್ತಿರ. ಒತ್ತಿ ಬಿಟ್ಟರೆ ಸೀಸ ಬಿಟ್ಟಲ್ಲೇ ಇರುತ್ತದೆ. ತಾಮ್ರ ಡೈಯಿಂದ ಹೊರಗೆ ಬಂದ ಕೂಡಲೇ ಚೂರು ಮೈ ಬಿಚ್ಚಿಕೊಳ್ಳುತ್ತದೆ, ಮೈಕ್ರೊಮೀಟರ್ ಹಿಡಿದರೆ ಡೈಯ ಅಳತೆಗಿಂತ ದಪ್ಪ ಇರುತ್ತದೆ. ಮತ್ತೆ, ಒತ್ತಿದ ತಾಮ್ರ ಮಾಯ ಆಗುವುದಿಲ್ಲ. ದಪ್ಪ ನೂರಕ್ಕೆ ಒಂದು ಪಾಲು ಕಡಿಮೆಯಾದರೆ ಉದ್ದ ನೂರಕ್ಕೆ ಎರಡು ಪಾಲು ಬೆಳೆಯುತ್ತದೆ. ಈ ಗುಂಡುಗಳ ಮೈಮೇಲೆ ಬಳೆ ಹಾಕಿದ ಹಾಗೆ ತೋಡು ಇರುತ್ತದಲ್ಲ, ಅದು ಚಂದಕ್ಕೆ ಅಲ್ಲ. ನಳಿಗೆಯ ಗೀರು ಒತ್ತಿದಾಗ ತಾಮ್ರ ಸರಿಯಲಿಕ್ಕೆ ಬಿಟ್ಟ ಜಾಗ. ಡೈಯಲ್ಲಿ ಒತ್ತಿದರೆ ಆ ಜಾಗ ಮೊದಲೇ ಸ್ವಲ್ಪ ತುಂಬಿ ಹೋಯಿತು. ಅಷ್ಟಾದ ಮೇಲೆ, ಯಾವ ಗುಂಡಿಗೆ ಎಷ್ಟು ಮದ್ದು ಅಂತ ಪುಸ್ತಕದಲ್ಲಿ ಬರೆದ ಲೆಕ್ಕ ಆ ಗುಂಡಿನದ್ದಲ್ಲ. ಒಂದೆರಡು ಥೌ ಇಳಿಸುವವರು ಅಲ್ಲಿ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ .308 ಅಳತೆಯ ತಾಮ್ರದ ಗುಂಡು ಅಮೆರಿಕದ ಅಂಗಡಿಗಳಲ್ಲಿ ಧಾರಾಳ ಸಿಗುವಾಗ ಈ ಉಪದ್ರ ಯಾಕೆ? ದಪ್ಪದ್ದನ್ನು ಕೊಟ್ಟವರಿಗೇ ವಾಪಸ್ ಕೊಟ್ಟು ಸರಿ ಅಳತೆಯದ್ದು ತರಲಿ.

ಇನ್ನು ನೀರಿನ ಕಥೆ.

ಇದು ಹುಟ್ಟಿದ್ದು ಕಮ್ಮಾರನ ಕುಲುಮೆಯಲ್ಲಿ. ಕತ್ತಿಗೆ ಹದ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ. ಕೆಂಪಗೆ ಕಾದ ಕತ್ತಿ, ಚುಂಯ್ ಅಂತ ನೀರು, ಆಮೇಲೆ ತೆಂಗಿನ ಮಡಲು ಒಂದೇ ಏಟಿಗೆ ಎರಡು. ಅದು ಉಕ್ಕು. ಉಕ್ಕಿನೊಳಗೆ ಇಂಗಾಲ ಉಂಟು. ಕೆಂಪಗೆ ಕಾದಾಗ ಅದು ಕಬ್ಬಿಣದ ಹರಳಿನೊಳಗೆ ಕರಗಿ ಕೂತಿರುತ್ತದೆ. ನಿಧಾನಕ್ಕೆ ಆರಿದರೆ ಹೊರಗೆ ಬಂದುಬಿಡುತ್ತಿತ್ತು. ತಟ್ಟನೆ ತಣಿಸಿದರೆ ಬರಲಿಕ್ಕೆ ಪುರುಸೊತ್ತು ಸಿಗುವುದಿಲ್ಲ, ಒಳಗೇ ಸಿಕ್ಕಿಬೀಳುತ್ತದೆ. ಹರಳು ಬಿಗಿದುಕೊಳ್ಳುತ್ತದೆ, ಕತ್ತಿ ಗಟ್ಟಿಯಾಗುತ್ತದೆ. ತಾಮ್ರದಲ್ಲಿ ಸಿಕ್ಕಿಹಾಕಿಕೊಳ್ಳಲಿಕ್ಕೆ ಯಾರೂ ಇಲ್ಲ. ಮನೆಯಲ್ಲಿ ಜನವೇ ಇಲ್ಲದಿದ್ದರೆ ಬಾಗಿಲು ಎಷ್ಟು ಜೋರಾಗಿ ಹಾಕಿದರೂ ಒಳಗೆ ಸಿಕ್ಕಿಕೊಳ್ಳುವುದು ಯಾರು?

ತಾಮ್ರ ಗಟ್ಟಿಯಾಗುವುದು ಪೆಟ್ಟಿನಿಂದ. ಬಡಿದರೆ, ಎಳೆದರೆ, ಬಗ್ಗಿಸಿದರೆ, ಡೈಯಲ್ಲಿ ನೂಕಿದರೆ. ಒಳಗಿನ ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಬಗ್ಗುವುದು. ಜಾರಿ ಜಾರಿ ಬಲೆಯ ನೂಲಿನ ಹಾಗೆ ಗೋಜಲಾಗುತ್ತದೆ, ಕೊನೆಗೆ ಜಾರಲಿಕ್ಕೆ ಆಗುವುದಿಲ್ಲ. ಅದೇ ಗಟ್ಟಿತನ. ಅಂದರೆ ನಿಮ್ಮ ಅಳಿಯನಿಗೆ ಹೇಳಿದವರು ಎರಡು ಕಡೆಯೂ ಉಲ್ಟಾ ಹೇಳಿದ್ದಾರೆ. ಡೈ ತಾಮ್ರವನ್ನು ಮೆತ್ತಗೆ ಮಾಡುವುದಿಲ್ಲ, ಗಟ್ಟಿ ಮಾಡುತ್ತದೆ. ಬೆಂಕಿ ಗಟ್ಟಿ ಮಾಡುವುದಿಲ್ಲ, ಗೋಜಲು ಬಿಡಿಸಿ ಮೆತ್ತಗೆ ಮಾಡುತ್ತದೆ. ಮೂತಿ ಹೂವಿನ ಹಾಗೆ ಬಿಚ್ಚಿಕೊಳ್ಳಬೇಕು ಅಂತ ಕಾರ್ಖಾನೆಯವರು ಲೆಕ್ಕ ಹಾಕಿ ಗಟ್ಟಿತನ ಇಟ್ಟಿರುತ್ತಾರೆ. ಅದನ್ನು ಗ್ಯಾಸ್ ಒಲೆಯಲ್ಲಿ ಸುಡುವುದು ಅಂದರೆ ಆ ಲೆಕ್ಕವನ್ನೇ ಸುಟ್ಟ ಹಾಗೆ.

ನಂಬಿಕೆ ಬರುವುದಿಲ್ಲ, ಗೊತ್ತು. ನನ್ನ ವಿದ್ಯಾರ್ಥಿಗಳಿಗೂ ಬರುತ್ತಿರಲಿಲ್ಲ. ಅದಕ್ಕೆ ಪಾಠ ಬಿಟ್ಟು ತಂತಿ ಕೊಡುತ್ತಿದ್ದೆ. ನೀವೂ ಮಾಡಿ ನೋಡಿ. ಹಳೆ ಮನೆಯ ವಯರಿಂಗಿನ ಒಂಟಿ ತಾಮ್ರದ ತಂತಿ ತೆಗೆದುಕೊಳ್ಳಿ, ಪ್ಲಾಸ್ಟಿಕ್ ಪೂರ್ತಿ ಸುಲಿಯಿರಿ. ಗೇಣುದ್ದದ ಎರಡು ತುಂಡು ಸಾಕು. ಎರಡನ್ನೂ ಸುತ್ತಿಗೆಯಿಂದ ಹಗುರಕ್ಕೆ ಉದ್ದಕ್ಕೂ ಬಡಿಯಿರಿ. ಈಗ ಬಗ್ಗಿಸಿದರೆ ಸೆಟೆದು ನಿಲ್ಲುತ್ತದೆ. ಇಕ್ಕುಳದಲ್ಲಿ ಹಿಡಿದು ಎರಡನ್ನೂ ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ. ಒಂದನ್ನು ನೀರಿಗೆ ಅದ್ದಿ. ಇನ್ನೊಂದನ್ನು ಕಲ್ಲಿನ ಮೇಲಿಟ್ಟು ತನ್ನಷ್ಟಕ್ಕೆ ಆರಲಿಕ್ಕೆ ಬಿಡಿ, ಅಷ್ಟರಲ್ಲಿ ಒಂದು ಚಾ ಕುಡಿಯಿರಿ. ಆಮೇಲೆ ಎರಡನ್ನೂ ಬೆರಳಿಗೆ ಸುತ್ತಿ ನೋಡಿ. ಎರಡೂ ಒದ್ದೆ ನೂಲಿನ ಹಾಗೆ ಸುತ್ತಿಕೊಳ್ಳುತ್ತವೆ. ಕಣ್ಣು ಮುಚ್ಚಿ ಹಿಡಿದರೆ ಯಾವುದು ನೀರಿಗೆ ಹಾಕಿದ್ದು ಅಂತ ಗೊತ್ತೇ ಆಗುವುದಿಲ್ಲ. ಒಬ್ಬ ಹುಡುಗ ಪೀರಿಯಡ್ ಮುಗಿಯುವವರೆಗೂ ಬಡಿಯುವುದು, ಕಾಯಿಸುವುದು, ಸುತ್ತುವುದು ಮಾಡುತ್ತಲೇ ಇದ್ದ. ಕೊನೆಗೆ "ಹಾಗಾದರೆ ನೀರು ಎಂತಕ್ಕೆ ಸರ್?" ಅಂತ ಕೇಳಿದ. ಆ ದಿನ ನನ್ನ ಸಂಬಳ ವಸೂಲಾಯಿತು.

ನೀರು ಎಂತಕ್ಕೆ ಅಂದರೆ, ಬೇಗ ತಣಿಯಲಿಕ್ಕೆ. ಕಾಯಿಸಿದ ತಾಮ್ರದ ಮೇಲೆ ಕಪ್ಪು ಹೊಪ್ಪಳಿಕೆ ಕೂರುತ್ತದೆ, ನೀರಿಗೆ ಹಾಕಿದಾಗ ಅದು ಸಿಡಿದು ಉದುರುತ್ತದೆ. ಉಳಿದದ್ದಕ್ಕೆ ಹುಳಿ, ನಮ್ಮಲ್ಲಾದರೆ ಬಿಂಬುಳಿ ಉಂಟಲ್ಲ. ಹಂಡೆ ಬಡಿಯುವವರು ನಡುನಡುವೆ ಕಾಯಿಸಿ ನೀರು ಹಾಕುವುದು ಹಂಡೆ ಗಟ್ಟಿಯಾಗಲಿ ಅಂತ ಅಲ್ಲ. ಬಡಿದು ಬಡಿದು ಗಟ್ಟಿಯಾದ ತಗಡು ಬಿರುಕು ಬಿಡದಿರಲಿ, ಮತ್ತೆ ಬಡಿಯುವಷ್ಟು ಮೆದುವಾಗಲಿ ಅಂತ. ಮಲ್ಪೆ ಬಂದರಿನ ಡೀಸೆಲ್ ಮೆಕ್ಯಾನಿಕ್‌ನನ್ನು ಕೇಳಿ. ಇಂಜೆಕ್ಟರಿನ ಹಳೆ ತಾಮ್ರದ ವಾಷರನ್ನು ಕಾಯಿಸಿಯೇ ಮತ್ತೆ ಹಾಕುತ್ತಾನೆ. ಮೆತ್ತಗಾದರೆ ತಾನೇ ಅದು ಕೂತಲ್ಲಿ ಒತ್ತಿಕೊಂಡು ಲೀಕ್ ನಿಲ್ಲಿಸುವುದು?

ತೋಟೆ ತುಂಬಿಸುವವರಿಗೆ ಈ ಭ್ರಮೆ ಇನ್ನೂ ಗಟ್ಟಿಯಾಗಲಿಕ್ಕೆ ಬೇರೆ ಕಾರಣವೂ ಉಂಟು. ಅವರು ಹಾರಿಸಿ ಖಾಲಿಯಾದ ತೋಟೆಯ ಹಿತ್ತಾಳೆ ಕೋಶಗಳನ್ನು ತಟ್ಟೆ ನೀರಿನಲ್ಲಿ ನಿಲ್ಲಿಸಿ ಗುಂಡು ಕೂರುವ ಕುತ್ತಿಗೆ ಮಾತ್ರ ಕಾಯಿಸಿ, ನೀರಿಗೆ ಮಗುಚುತ್ತಾರೆ. ನೋಡಿದವನಿಗೆ ಕತ್ತಿಗೆ ಹದ ಕೊಟ್ಟ ಹಾಗೇ ಕಾಣುತ್ತದೆ. ಅಲ್ಲಿ ನೀರಿನ ಕೆಲಸ ಬುಡವನ್ನು ತಣ್ಣಗಿಡುವುದು. ಬುಡ ಗಟ್ಟಿಯೇ ಇರಬೇಕು, ಅದು ಮೆತ್ತಗಾದರೆ ಒತ್ತಡ ತಡೆಯುವುದಿಲ್ಲ. ಮೆತ್ತಗಾಗಬೇಕಾದದ್ದು ಕುತ್ತಿಗೆ.

ಕುತ್ತಿಗೆ ಯಾಕೆ ಮೆತ್ತಗಾಗಬೇಕು ಅಂತ ನೀವು ಕೇಳಲಿಲ್ಲ. ಕೇಳಬೇಕಿತ್ತು, ಅದರಲ್ಲಿ ನಮ್ಮ ಮಳೆಗಾಲದ ಕಥೆ ಉಂಟು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಬಿಟ್ಟ ಮೇಲೆ ತೆಗೆದು ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಯಾರೂ ಮುಟ್ಟಿಲ್ಲ, ಬಿದ್ದಿಲ್ಲ. ಇಂಥ ಬಿರುಕಿಗೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಒಂದು. ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ ಇನ್ನೊಂದು. ಎರಡೂ ಸೇರಿದರೆ ಲೋಹ ತನ್ನಷ್ಟಕ್ಕೆ ಸೀಳುತ್ತದೆ. ಪರಿಹಾರ, ಕುತ್ತಿಗೆಯನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸುವುದು. ಇಲ್ಲಿಯೂ ಬೆಂಕಿ ಮಾಡುವುದು ಸಡಿಲಿಸುವ ಕೆಲಸವೇ.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಮನೆಯಲ್ಲಿ ಅಜ್ಜಿಯ ತವರಿನಿಂದ ಬಂದ ಹಿತ್ತಾಳೆ ಕೊಡಪಾನ ಒಂದಿತ್ತು, ತೆಳು ತಗಡಿನದ್ದು. ಒಂದು ಮಳೆಗಾಲ ಅದನ್ನು ದನದ ಹಟ್ಟಿಯ ಅಟ್ಟದಲ್ಲಿ ಕವುಚಿ ಇಟ್ಟಿದ್ದರು. ಚೌತಿಗೆ ಇಳಿಸಿ ನೋಡಿದರೆ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳು. ಅಟ್ಟ ಹತ್ತುವ ಹುಡುಗ ಮನೆಯಲ್ಲಿ ನಾನೊಬ್ಬನೇ. ಬೀಳಿಸಿಲ್ಲ ಅಂತ ದೇವರ ಮೇಲೆ ಆಣೆ ಹಾಕಿದರೂ ಕೇಳದೆ ಅಜ್ಜಿ ಬೆನ್ನಿಗೆ ಎರಡು ಬಿಟ್ಟಿದ್ದರು.