ಬ್ಲಾಕ್ ಟೈಮ್: ವಿಮಾನದ ಟಿಕೆಟ್‌ನಲ್ಲಿರುವ ಸಮಯ ಯಾವುದು?

ಕಲಬುರಗಿ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ದೂರ ಸುಮಾರು 460 ಕಿ.ಮೀ. ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 55 ನಿಮಿಷ. ಆದರೆ ಇಷ್ಟು ದೂರಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆ 20 ನಿಮಿಷದ ಆಸುಪಾಸು ಇಟ್ಟಿರುತ್ತಾರೆ. ಕಾರಣ, ಟಿಕೆಟ್‌ನಲ್ಲಿರುವುದು ಬ್ಲಾಕ್ ಟೈಮ್.

ನಿಂತ ವಿಮಾನ ಜರುಗದಂತೆ ಚಕ್ರಗಳಿಗೆ ಅಡೆ (ಬ್ಲಾಕ್) ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ನಿಂತು ಮತ್ತೆ ಅಡೆ ಬೀಳುವವರೆಗಿನ ಅವಧಿಯೇ ಬ್ಲಾಕ್ ಟೈಮ್. ಚಕ್ರ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನದು ಏರ್ ಟೈಮ್. ಎರಡೂ ಬೇರೆ.

ದೂರದ ಲೆಕ್ಕವನ್ನೂ ತಿಳಿದಿರಬೇಕು. ಉದ್ಯಾನ್ ಎಕ್ಸ್‌ಪ್ರೆಸ್‌ನ ಕಿಲೋಮೀಟರ್ ಎಂದರೆ ಹಳಿಯ ಉದ್ದ. ವಿಮಾನದ ಕಿಲೋಮೀಟರ್ ಹಾಗಲ್ಲ: ಭೂಮಿಯ ದುಂಡನ್ನು ಅನುಸರಿಸಿ ಎರಡು ನಿಲ್ದಾಣಗಳ ನಡುವೆ ಎಳೆದ ಅತಿ ಚಿಕ್ಕ ಗೆರೆ. ಅದಕ್ಕೆ ಗ್ರೇಟ್ ಸರ್ಕಲ್ ದೂರ ಎನ್ನುತ್ತಾರೆ. ಪೈಲಟ್‌ಗಳು ಇದನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ., ಹಾಗಾಗಿ ನಮ್ಮ 460 ಕಿ.ಮೀ. ಸುಮಾರು 250 ಆಗುತ್ತದೆ.

ಆ ಗೆರೆಯ ಮೇಲೆಯೇ ಯಾವ ವಿಮಾನವೂ ಹಾರುವುದಿಲ್ಲ. ಕಲಬುರಗಿಯ ರನ್‌ವೇ ಪೂರ್ವ-ಪಶ್ಚಿಮ, ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮ, ದಾರಿ ಮಾತ್ರ ಉತ್ತರ-ದಕ್ಷಿಣ. ಗಾಳಿಗೆ ಎದುರಾಗಿ ಏರಿ, ದಕ್ಷಿಣಕ್ಕೆ ಹೊರಳಿ, ಕೊನೆಗೆ ಮತ್ತೆ ಹೊರಳಿ ರನ್‌ವೇಯ ನೇರಕ್ಕೆ ಬರಬೇಕು. ಇದಕ್ಕೆ 40 ಕಿ.ಮೀ. ಹೆಚ್ಚಾದರೆ ಐದು ನಿಮಿಷ. ಏರುವಾಗ, ಇಳಿಯುವಾಗ ಪೂರ್ಣ ವೇಗವಿಲ್ಲದ್ದರಿಂದ ಇನ್ನೈದು. ಉಳಿದ 15 ನಿಮಿಷದಷ್ಟು ನೆಲದ ಮೇಲಿನ ಓಡಾಟಕ್ಕೆ. ಬೆಂಗಳೂರಿನಲ್ಲಿ ಇಳಿಯುವ ಸಾಲು ಉದ್ದವಿದ್ದರೆ ಆಕಾಶದಲ್ಲೇ ಸುತ್ತಿಸುತ್ತಾರೆ, ಆಗ ಈ ಲೆಕ್ಕವೆಲ್ಲ ಮೀರುತ್ತದೆ.

ಗಾಳಿಯ ಪಾಲು ದಿಕ್ಕನ್ನು ನೋಡಿಕೊಂಡು ಬದಲಾಗುತ್ತದೆ. ಗಂಟೆಗೆ 60 ಕಿ.ಮೀ. ಗಾಳಿ ಎದುರಿಗೆ ಬೀಸಿದರೆ ನೆಲದ ಲೆಕ್ಕದ ವೇಗ 440ಕ್ಕೆ ಇಳಿದು 55 ನಿಮಿಷದ ಹಾದಿ 63 ಆಗುತ್ತದೆ, ಬೆನ್ನಿಗಿದ್ದರೆ 49. ಅದೇ ಗಾಳಿ ಪಶ್ಚಿಮದಿಂದ ಅಡ್ಡ ಬೀಸಿದರೆ ಈ ಉತ್ತರ-ದಕ್ಷಿಣ ದಾರಿಯಲ್ಲಿ ಅಷ್ಟೇನೂ ವ್ಯತ್ಯಾಸವಾಗದು.

ಜನ ಎಡವುವುದು ಮುಂದಿನ ವಿಮಾನ ಹಿಡಿಯುವ ಲೆಕ್ಕದಲ್ಲಿ. ಟಿಕೆಟ್‌ನ ‘ತಲುಪುವ ಸಮಯ’ ವಿಮಾನ ನಿಂತ ಸಮಯ, ನೀವು ಹೊರಬಂದ ಸಮಯ ಅಲ್ಲ. ಬಾಗಿಲು ತೆರೆದು, ಇಳಿದು, ಬ್ಯಾಗು ಬರುವಷ್ಟರಲ್ಲಿ ಅರ್ಧ ಗಂಟೆ ಸುಲಭವಾಗಿ ಹೋಗುತ್ತದೆ. ಎರಡು ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ ಬ್ಯಾಗನ್ನು ನೀವೇ ತೆಗೆದುಕೊಂಡು ಮತ್ತೆ ಕೌಂಟರಿನಲ್ಲಿ ಕೊಡಬೇಕು. ದೇಶದೊಳಗಿನ ಹಾರಾಟಗಳಿಗೆ ಆ ಕೌಂಟರು ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗುವುದಿದ್ದರೆ ಆ ಹೊತ್ತನ್ನೂ ಸೇರಿಸಿ. ಬೇರೆ ಟಿಕೆಟ್ ಎಂದಮೇಲೆ ಮೂರು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ; ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.