ಭೂಶಿರ, ‘ಮಲ್’ ಮತ್ತು ಐಲಾ ದ್ವೀಪದ ಬೋಳುತಲೆ

ಭೂಶಿರ ಅನ್ನುವ ಪದವನ್ನು ನಾವೆಲ್ಲ ಶಾಲೆಯಲ್ಲೇ ಓದಿರುತ್ತೇವೆ. ಕಡಲಿನೊಳಗೆ ಚಾಚಿಕೊಂಡ ನೆಲದ ತುದಿ. ಒಂದು ಅಂಕದ ಪ್ರಶ್ನೆ, ಒಂದು ಸಾಲಿನ ಉತ್ತರ, ಅಲ್ಲಿಗೆ ಮುಗಿಯಿತು. ನನಗೆ ಈ ಪದದ ಮೇಲೆ ಮತ್ತೆ ಪ್ರೀತಿ ಹುಟ್ಟಿದ್ದು ಸ್ಕಾಟ್ಲೆಂಡ್‌ನ ನಕ್ಷೆಯಲ್ಲಿ ಒಂದು ಸಣ್ಣ ಹೆಸರು ಕಂಡಾಗ: ಮಲ್ ಆಫ್ ಓ. ಐಲಾ ಅನ್ನುವ ದ್ವೀಪದ ದಕ್ಷಿಣದ ಮೂಲೆಯಲ್ಲಿರುವ ಕಡಿದಾದ ಭೂಶಿರ ಅದು.

ಮೊದಲು ನಮ್ಮ ಪದವನ್ನೇ ಬಿಡಿಸೋಣ. ಭೂ ಅಂದರೆ ನೆಲ, ಶಿರ ಅಂದರೆ ತಲೆ. ನೆಲದ ತಲೆ! ಬೆಟ್ಟಕ್ಕೆ ನೆತ್ತಿ, ಹೊಳೆಗೆ ಬಾಯಿ ಅಂತ ಹೇಳುವ ನಮಗೆ ಇದು ಹೊಸದೇನಲ್ಲ. ಖುಷಿಯ ವಿಷಯ ಏನೆಂದರೆ, ಸ್ಕಾಟ್ಲೆಂಡ್‌ನ ಗೇಲಿಕ್ ಭಾಷೆಯವರೂ ಹೀಗೇ ಯೋಚಿಸಿದ್ದಾರೆ. ಐಲಾದ ಪೂರ್ವಕ್ಕೆ ಕಿನ್‌ಟೈರ್ ಅನ್ನುವ ಉದ್ದನೆಯ ನೆಲದ ಚಾಚು ಇದೆ. ಗೇಲಿಕ್‌ನಲ್ಲಿ ‘ಕ್ಯೌನ್’ ಅಂದರೆ ತಲೆ, ‘ಚೀರ್’ ಅಂದರೆ ನೆಲ. ಈ ಎರಡೂ ಸೇರಿ ಕಿನ್‌ಟೈರ್ ಆಯಿತು. ಅಂದರೆ ಆ ಜಾಗದ ಹೆಸರನ್ನು ಕನ್ನಡಕ್ಕೆ ತಂದರೆ ಭೂಶಿರವೇ!

ಇನ್ನು ‘ಮಲ್’. ಇದು ಗೇಲಿಕ್‌ನ ‘ಮೂಲ್’ ಅನ್ನುವ ಪದದಿಂದ ಬಂದದ್ದು. ಅರ್ಥ ಬೋಳು. ಕೂದಲಿಲ್ಲದ ತಲೆಗೂ ಅದೇ ಮಾತು, ಮರವಿಲ್ಲದ ಮೊಂಡು ಗುಡ್ಡಕ್ಕೂ ಅದೇ ಮಾತು. ನಾವು ಬೋಳುತಲೆ, ಬೋಳುಗುಡ್ಡ ಅಂತ ಒಂದೇ ಪದವನ್ನು ಎರಡೂ ಕಡೆ ಬಳಸುತ್ತೇವಲ್ಲ, ಹಾಗೆ. ನಾರ್ವೆ ಕಡೆಯಿಂದ ಬಂದ ವೈಕಿಂಗರ ಹಳೆಯ ನಾರ್ಸ್ ಭಾಷೆಯಲ್ಲಿ ‘ಮೂಲಿ’ ಅಂತ ಇನ್ನೊಂದು ಪದವಿದೆ. ಅದಕ್ಕೆ ಪ್ರಾಣಿಯ ಮೂತಿ ಅಂತ ಅರ್ಥ, ಕಡಲಿಗೆ ಮುಖ ಚಾಚಿದ ಬಂಡೆಗೂ ಅದೇ ಹೆಸರು. ಈ ತೀರದಲ್ಲಿ ಎರಡೂ ಭಾಷೆಯವರು ಬಾಳಿದ್ದಾರೆ. ಹಾಗಾಗಿ ಮಲ್ ಅಂದಾಗ ಬೋಳು ಮತ್ತು ಮೂತಿ ಎರಡೂ ಒಟ್ಟಿಗೆ ನೆನಪಾದರೆ ತಪ್ಪಿಲ್ಲ. ಒಂದೇ ಎಚ್ಚರಿಕೆ: ಅದೇ ಸೀಮೆಯಲ್ಲಿ ಮಲ್ ಅಂತಲೇ ಒಂದು ದೊಡ್ಡ ದ್ವೀಪವೂ ಇದೆ. ಅದರ ಹೆಸರಿನ ಮೂಲ ಬೇರೆ, ಇದರ ಜೊತೆ ಸೇರಿಸಬಾರದು.

ಭೂಶಿರಕ್ಕೆ ಐಲಾದಲ್ಲಿ ಇನ್ನೂ ಪದಗಳಿವೆ. ದ್ವೀಪದ ಪಶ್ಚಿಮದ ತೋಳಿಗೆ ರಿನ್ಸ್ ಅಂತ ಹೆಸರು, ‘ರಿನ್’ ಅಂದರೆ ಮೊನೆ. ವಿಸ್ಕಿಯಿಂದ ಲೋಕಕ್ಕೆಲ್ಲ ಗೊತ್ತಾದ ಆರ್ಡ್‌ಬೆಗ್ ಅನ್ನುವ ಊರಿನ ಹೆಸರಿಗೂ ‘ಪುಟ್ಟ ಭೂಶಿರ’ ಅಂತಲೇ ಅರ್ಥ. ಕಡಲ ಜೊತೆ ಬದುಕುವವರಿಗೆ ಪ್ರತಿ ತುದಿಗೂ ಒಂದು ಹೆಸರು ಬೇಕು. ದೋಣಿಯಲ್ಲಿ ಕೂತವರಿಗೆ ದಾರಿ ತೋರಿಸುವುದು ಇದೇ ತುದಿಗಳು.

ಈಗ ಜಾಗಕ್ಕೆ ಬರೋಣ. ಐಲಾ ಸ್ಕಾಟ್ಲೆಂಡ್‌ನ ಪಶ್ಚಿಮ ತೀರದಾಚೆಯ ಇನ್ನರ್ ಹೆಬ್ರಿಡೀಸ್ ದ್ವೀಪಗಳಲ್ಲಿ ದಕ್ಷಿಣದ ತುದಿಯಲ್ಲಿದೆ. ವಿಸ್ತಾರ ಸುಮಾರು 600 ಚದರ ಕಿಲೋಮೀಟರ್, ಜನ ಸುಮಾರು 3,000. ದ್ವೀಪದ ದಕ್ಷಿಣದಲ್ಲಿ ಗುಂಡಗೆ ಉಬ್ಬಿಕೊಂಡ ನೆಲವೇ ಓ. ಅದರ ನೈರುತ್ಯದ ತುದಿ ಮಲ್ ಆಫ್ ಓ. ಅಲ್ಲಿ ನೆಲ ಸುಮಾರು 130 ಮೀಟರ್ ಎತ್ತರದಲ್ಲಿ ತಟ್ಟನೆ ನಿಂತು ಕಡಲಿಗೆ ಬೀಳುತ್ತದೆ. ಬೇಲಿಯಂತೆ ಅಡ್ಡ ನಿಲ್ಲುವ ಮರ ಒಂದೂ ಇಲ್ಲ. ಹುಲ್ಲು, ಹೀದರ್ ಪೊದೆ, ಜೌಗು ನೆಲ, ಗಾಳಿ. ಆಕಾಶ ತಿಳಿಯಾಗಿದ್ದರೆ ಐರ್ಲೆಂಡ್‌ನ ಉತ್ತರ ತೀರ ಕಾಣುತ್ತದೆ.

ಈ ತಲೆ ಇಷ್ಟು ಕಡಿದಾಗಿದ್ದು ಹೇಗೆ? ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಅಲೆ ಆಳವಿಲ್ಲದ ನೀರಿಗೆ ಬಂದಾಗ ನಿಧಾನವಾಗುತ್ತದೆ. ಭೂಶಿರದ ಮುಂದೆ ನೆಲ ಚಾಚಿಕೊಂಡಿರುವುದರಿಂದ ಅಲ್ಲಿ ಆಳ ಮೊದಲೇ ಕಡಿಮೆಯಾಗುತ್ತದೆ. ಅಲೆಯ ಆ ಭಾಗ ನಿಧಾನವಾಗುತ್ತದೆ, ಉಳಿದ ಭಾಗ ಮುಂದೆ ಓಡುತ್ತದೆ. ಹೀಗೆ ಅಲೆಯ ಸಾಲು ಬಾಗಿ, ಭೂಶಿರವನ್ನು ಎರಡೂ ಕಡೆಯಿಂದ ಅಪ್ಪಿಕೊಂಡಂತೆ ಹೊಡೆಯುತ್ತದೆ. ಏಟೆಲ್ಲ ತಲೆಗೆ ಬೀಳುತ್ತದೆ. ಪಕ್ಕದ ಕೊಲ್ಲಿಗೆ ಹೋಗುವಷ್ಟರಲ್ಲಿ ಅದೇ ಅಲೆಯ ಬಲ ಹರಡಿ ಹೋಗಿ, ಹೊತ್ತು ತಂದ ಮರಳನ್ನು ಅಲ್ಲಿ ಇಳಿಸುತ್ತದೆ. ಓ ನೆಲದ ಉತ್ತರಕ್ಕೆ ಇರುವ ಲಗ್ಗನ್ ಕೊಲ್ಲಿಯನ್ನು ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಕಿಲೋಮೀಟರ್‌ಗಟ್ಟಲೆ ಮರಳ ತೀರ, ಐಲಾದಲ್ಲೇ ಅತಿ ಉದ್ದನೆಯದು. ಇಲ್ಲಿ ಬರೀ ಬಂಡೆ.

ಅಷ್ಟೊಂದು ಏಟು ತಿಂದೂ ಭೂಶಿರ ಉಳಿದಿದೆ ಅಂದರೆ ಕಲ್ಲು ಗಟ್ಟಿ ಇರಬೇಕು ಅಲ್ವಾ? ಹೌದು, ಇದು ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿಕೊಂಡ ತುಂಬಾ ಹಳೆಯ ಕಲ್ಲು. ಆದರೂ ಕಡಲು ಬಿರುಕು ಹುಡುಕುತ್ತದೆ. ಮೊದಲು ಬಿರುಕು, ಆಮೇಲೆ ಗವಿ, ಗವಿ ಆಚೆ ಬದಿಗೆ ತೂತಾದರೆ ಕಮಾನು, ಕಮಾನಿನ ಮೇಲ್ಭಾಗ ಕುಸಿದರೆ ಒಂಟಿಯಾಗಿ ನಿಂತ ಕಲ್ಲುಕಂಬ. ಓ ತೀರದ ಸೋಲ್ಜರ್ಸ್ ರಾಕ್ ಅಂಥದ್ದೇ ಒಂದು ಕಂಬ. ಹೆಸರಿಗೆ ತಕ್ಕಂತೆ ಪಹರೆ ನಿಂತ ಸೈನಿಕನ ಹಾಗಿದೆ.

ಮೂರು ಕಡೆ ಪ್ರಪಾತ, ಒಂದು ಕಡೆ ಮಾತ್ರ ದಾರಿ. ಶತ್ರುವಿಗೆ ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮಲ್ ಆಫ್ ಓ ಹತ್ತಿರದ ಡನ್ ಆಥಡ್ ಅನ್ನುವ ಕೋಟೆ ಹೀಗೆ ಹುಟ್ಟಿದ್ದು. ಕಡಲ ಮೇಲೆ ನಿಂತ ಬಂಡೆ, ಅದನ್ನು ಸೇರಲು ಸಣ್ಣದೊಂದು ಕುತ್ತಿಗೆಯಂಥ ನೆಲ. ಆ ಕುತ್ತಿಗೆಗೆ ಅಡ್ಡಲಾಗಿ ಗೋಡೆ ಕಟ್ಟಿದರೆ ಕೋಟೆ ಮುಗಿಯಿತು, ಉಳಿದದ್ದನ್ನು ಕಡಲೇ ಕಾಯುತ್ತದೆ.

ನಾರ್ಸ್ ಜನ ಬಂದಾಗ ಅವರು ಇಲ್ಲಿ ಹೊಲ ಮಾಡಿದರು. 1266ರ ಪರ್ತ್ ಒಪ್ಪಂದದವರೆಗೂ ಈ ದ್ವೀಪಗಳು ನಾರ್ವೆಯ ರಾಜನಿಗೆ ಸೇರಿದ್ದವು. ಓ ನೆಲದ ಹಳ್ಳಿಗಳ ಹೆಸರು ಕೇಳಿ: ರೀಸಬಸ್, ಕಿನ್ನಬಸ್, ಕಾರ್ನಬಸ್, ಅಸ್ಸಬಸ್. ಕೊನೆಯ ಈ ‘ಬಸ್’ ಹೊಲಮನೆ ಅನ್ನುವ ಅರ್ಥದ ನಾರ್ಸ್ ಪದದಿಂದ ಸವೆದು ಉಳಿದದ್ದು. ಅಂದರೆ ಈ ಬೋಳುತಲೆಯ ತುಂಬ ಒಂದು ಕಾಲಕ್ಕೆ ಮನೆಗಳಿದ್ದವು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಬೋಳು ಅನ್ನುವ ಹೆಸರು ಕೇಳಿ, ಇದು ಮೊದಲಿಂದಲೂ ಖಾಲಿ ಜಾಗ ಅಂದುಕೊಳ್ಳುವುದು ಸುಲಭ. ಅದು ನಿಜವಲ್ಲ. 1831ರಲ್ಲಿ ಐಲಾದಲ್ಲಿ ಸುಮಾರು 15,000 ಜನರಿದ್ದರು, ಈಗಿನ ಐದು ಪಟ್ಟು. ಓ ನೆಲದಲ್ಲೂ ಆಲೂಗಡ್ಡೆ ಬೆಳೆದು, ದನ ಮೇಯಿಸಿ, ತೆರಿಗೆಯವರ ಕಣ್ಣು ತಪ್ಪಿಸಿ ವಿಸ್ಕಿ ಕಾಸಿ ಬದುಕಿದವರಿದ್ದರು. 1846ರಲ್ಲಿ ಸ್ಕಾಟ್ಲೆಂಡ್‌ನ ಹೈಲ್ಯಾಂಡ್ಸ್ ಸೀಮೆಯ ಆಲೂಗಡ್ಡೆಗೆ ರೋಗ ಬಿತ್ತು. ಆಮೇಲೆ ಜಮೀನು ಕೈ ಬದಲಾಯಿತು. 1860ರ ದಶಕದಲ್ಲಿ ಹೊಸ ಒಡೆಯ ಜಾನ್ ರ‍್ಯಾಮ್ಸೆಯ ಕಾಲದಲ್ಲಿ ಇಲ್ಲಿನ ಎಷ್ಟೋ ಕುಟುಂಬಗಳು ಕೆನಡಾದ ಒಂಟಾರಿಯೊಗೆ ಹೊರಟುಹೋದವು. 1870ರಲ್ಲಿ ರ‍್ಯಾಮ್ಸೆ ಅಲ್ಲಿಗೇ ಹೋಗಿ ಅವರನ್ನು ನೋಡಿ ಬಂದ. ಹೋದವರಲ್ಲಿ ಕೆಲವರ ಬದುಕು ಅಲ್ಲಿ ಹಸನಾಗಿರಬಹುದು. ಆದರೆ ಇಲ್ಲಿ ಉಳಿದದ್ದು ಮಾಡಿಲ್ಲದ ಗೋಡೆಗಳು. ಮರಗಳನ್ನು ಬೆಳೆಯಗೊಡದ್ದು ಗಾಳಿ ಇರಬಹುದು. ಮನೆಗಳನ್ನು ಖಾಲಿ ಮಾಡಿಸಿದ್ದು ಗಾಳಿಯಲ್ಲ.

ಹಾಗೆ ಬಿದ್ದಿದ್ದ ನೆಲಕ್ಕೆ 1918ರ ಫೆಬ್ರವರಿ 5ರ ರಾತ್ರಿ ಬಂತು. ಮೊದಲ ಮಹಾಯುದ್ಧದ ಕಾಲ. ಟಸ್ಕೇನಿಯಾ ಅನ್ನುವ ಹಡಗು 2,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಹೊತ್ತು ಲಿವರ್‌ಪೂಲ್ ಕಡೆಗೆ ಹೊರಟಿತ್ತು. ಐಲಾ ಮತ್ತು ಐರ್ಲೆಂಡ್ ನಡುವಿನ ನೀರಿನಲ್ಲಿ ಜರ್ಮನಿಯ ಜಲಾಂತರ್ಗಾಮಿ ಯುಬಿ 77 ಅದಕ್ಕೆ ಟಾರ್ಪಿಡೋ ಹೊಡೆಯಿತು. ಹೆಚ್ಚಿನವರನ್ನು ಜೊತೆಯಲ್ಲಿದ್ದ ಯುದ್ಧನೌಕೆಗಳು ಉಳಿಸಿದವು. ಕೆಲವು ದೋಣಿಗಳು ಮಾತ್ರ ಕತ್ತಲಲ್ಲಿ ತೇಲಿ ಓ ಬಂಡೆಗಳ ಬುಡಕ್ಕೆ ಬಂದು ಒಡೆದವು. ದೋಣಿಗೆ ಗುರುತಾಗಬೇಕಿದ್ದ ಭೂಶಿರ ಆ ರಾತ್ರಿ ದೋಣಿ ಒಡೆಯುವ ಗೋಡೆಯಾಯಿತು. ಸತ್ತವರು 200ಕ್ಕೂ ಹೆಚ್ಚು. ಬದುಕಿ ದಡ ಸೇರಿದವರನ್ನು ಅಲ್ಲಿ ಉಳಿದಿದ್ದ ಬೆರಳೆಣಿಕೆಯ ರೈತ ಕುಟುಂಬಗಳು ಮನೆಗೆ ಕರೆದುಕೊಂಡು ಹೋಗಿ ಬೆಂಕಿ ಹಾಕಿ ಕೂರಿಸಿದವು.

ಸತ್ತವರನ್ನು ಅವರ ದೇಶದ ಬಾವುಟದಡಿ ಮಣ್ಣು ಮಾಡಬೇಕು, ಆದರೆ ದ್ವೀಪದಲ್ಲಿ ಅಮೆರಿಕದ ಬಾವುಟವೇ ಇರಲಿಲ್ಲ. ಐಲಾದ ಕೆಲವರು ರಾತ್ರಿಯಿಡೀ ಕೂತು ಒಂದನ್ನು ಹೊಲಿದರು. ಮಾಲ್ಕಮ್ ಮೆಕ್‌ನೀಲ್ ಅನ್ನುವ ಪೊಲೀಸ್ ಸಾರ್ಜೆಂಟ್ ಒಂದೊಂದು ದೇಹದ ಗುರುತನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟ. ಮಗ ಹೇಗೆ ಸತ್ತ ಅಂತ ತಿಳಿಯಲು ಬಯಸಿದ ಮನೆಯವರಿಗೆ ಆ ಬರಹವೇ ಆಸರೆಯಾಯಿತು. ಅದೇ ವರ್ಷ ಅಕ್ಟೋಬರ್ 6ರಂದು ಬಿರುಗಾಳಿಯಲ್ಲಿ ಒಟ್ರಾಂಟೊ ಅನ್ನುವ ಇನ್ನೊಂದು ಹಡಗು ಕಾಶ್ಮೀರ್ ಅನ್ನುವ ಹಡಗಿಗೆ ತಾಗಿ, ರಿನ್ಸ್ ಕಡೆಯ ತೀರದಲ್ಲಿ ಒಡೆದು ನೂರಾರು ಜನ ಸತ್ತರು. ಎರಡೂ ದುರಂತಗಳ ನೆನಪಿಗೆ ಅಮೆರಿಕನ್ ರೆಡ್‌ಕ್ರಾಸ್ ಮಲ್ ಆಫ್ ಓ ನೆತ್ತಿಯ ಮೇಲೆ ಕಲ್ಲಿನ ಗೋಪುರ ಕಟ್ಟಿಸಿತು. ದೂರದಿಂದ ನೋಡಿದರೆ ಅದು ದೀಪಸ್ತಂಭದಂತೆ ಕಾಣುತ್ತದೆ, ಆದರೆ ದೀಪವಿಲ್ಲ.

ಇವತ್ತು ಮಲ್ ಆಫ್ ಓ ಬ್ರಿಟನ್ನಿನ ಹಕ್ಕಿ ಸಂರಕ್ಷಣೆಯ ರಾಯಲ್ ಸೊಸೈಟಿಯ ಕಾಪುನೆಲದಲ್ಲಿದೆ. ಹೊನ್ನ ಹದ್ದು ಇದೆ. ಕೆಂಪು ಕೊಕ್ಕು, ಕೆಂಪು ಕಾಲಿನ ಚಫ್ ಅನ್ನುವ ಕಾಗೆ ಜಾತಿಯ ಹಕ್ಕಿ ಇದೆ. ಸ್ಕಾಟ್ಲೆಂಡ್‌ನಲ್ಲಿ ಚಫ್ ಉಳಿದಿರುವುದು ಐಲಾ ಮತ್ತು ಪಕ್ಕದ ಕೊಲೊನ್ಸೆಯಲ್ಲಿ ಮಾತ್ರ. ಅದು ಬಂಡೆಯ ಬಿರುಕಿನಲ್ಲಿ, ಗವಿಯಲ್ಲಿ ಗೂಡು ಕಟ್ಟುತ್ತದೆ. ಹುಳು ಹೆಕ್ಕಲು ಅದಕ್ಕೆ ಗಿಡ್ಡ ಹುಲ್ಲು ಬೇಕು, ಸಗಣಿ ಬೇಕು. ಹಾಗಾಗಿ ಇಲ್ಲಿ ಈಗಲೂ ದನ, ಕುರಿ ಮೇಯುತ್ತವೆ. ಹೊಲಮನೆಯ ಹೆಸರು ಹೊತ್ತ ಹಳೆಯ ಊರುಗಳ ನಡುವೆ, ಈ ಹಕ್ಕಿಗಾಗಿಯೂ ಬೇಸಾಯ ನಡೆಯುತ್ತಿದೆ.

ಅಂದು ಸತ್ತವರ ದೇಹಗಳನ್ನು ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಅಥವಾ ಇಂಗ್ಲೆಂಡ್‌ನಲ್ಲಿರುವ ಅಮೆರಿಕನ್ ಸೈನಿಕರ ಸ್ಮಶಾನಕ್ಕೆ ಸಾಗಿಸಿದರು. ರಾಯ್ ಮನ್‌ಕ್ಯಾಸ್ಟರ್ ಅನ್ನುವ ಒಬ್ಬ ಸೈನಿಕನನ್ನು ಮಾತ್ರ, ಅವನ ತಾಯಿಯ ಇಷ್ಟದಂತೆ, ಎಬ್ಬಿಸಲಿಲ್ಲ. ಓ ಕಡೆಗೆ ಹೋಗುವ ದಾರಿಯಲ್ಲಿ, ಕಿಲ್‌ನಾಟನ್ ಕೊಲ್ಲಿಯ ಪಕ್ಕದ ಸ್ಮಶಾನದಲ್ಲಿ ಅವನ ಸಮಾಧಿ ಇದೆ.